ನಿದ್ದೆಯಲ್ಲೂ ದುಡಿಯುವ ತಂತ್ರಾಂಶ: ಲಾಭ ಯಾರಿಗೆ, ಹೊಣೆ ಯಾರದು?

ಅಬ್ಬಿಗೇರಿ, ರೋಣ ತಾಲ್ಲೂಕು: ಎರೆಭೂಮಿಯ ಈ ಸೀಮೆಗೆ ದರದ ಏರಿಳಿತ ಹೊಸದೇನಲ್ಲ. ಮುಂಗಾರಿನ ಹೆಸರು, ಹಿಂಗಾರಿನ ಕಡಲೆ ಮತ್ತು ಜೋಳವನ್ನು ನಂಬಿದ ಕೃಷಿಕರು ಗದಗ ಮಾರುಕಟ್ಟೆಯ ದರವನ್ನು ಮೊಬೈಲ್‌ನಲ್ಲಿ ನೋಡಿ, ಮಾಲು ಕಳುಹಿಸುವುದೋ ತಡೆಯುವುದೋ ಎಂದು ನಿರ್ಧರಿಸುವುದು ರೂಢಿಯಾಗಿದೆ. ಅದೇ ಮೊಬೈಲ್‌ನ ಪರದೆಯ ಮೇಲೆ ಈಗ ಇನ್ನೊಂದು ಮಾರುಕಟ್ಟೆಯ ಆಹ್ವಾನವೂ ಬರುತ್ತಿದೆ. ಒಂದು ತಂತ್ರಾಂಶವನ್ನು ಕಂಪ್ಯೂಟರ್‌ನಲ್ಲಿ ಅಥವಾ ಬಾಡಿಗೆಯ ಸರ್ವರ್‌ನಲ್ಲಿ ಅಳವಡಿಸಿದರೆ ಸಾಕು, ಅದು ಹಗಲೂ ರಾತ್ರಿಯೂ ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೋ ಕರೆನ್ಸಿಗಳನ್ನು ಕೊಂಡು ಮಾರಿ ಲಾಭ ತರುತ್ತದೆ, ಒಡೆಯ ಮಲಗಿದ್ದರೂ ಯಂತ್ರ ಮಲಗುವುದಿಲ್ಲ ಎಂಬುದು ಆ ಆಹ್ವಾನದ ಸಾರಾಂಶ.

ಈ ಮಾತಿನಲ್ಲಿ ಅರ್ಧ ನಿಜವಿದೆ. ಕ್ರಿಪ್ಟೋ ಪೇಟೆಗೆ ಬಾಗಿಲು ಮುಚ್ಚುವ ವೇಳೆಯಿಲ್ಲ, ಭಾನುವಾರವಿಲ್ಲ, ಹಬ್ಬದ ರಜೆಯಿಲ್ಲ. ಮನುಷ್ಯ ಸದಾ ಕಣ್ಣಿಡಲಾಗದ ಇಂಥ ಪೇಟೆಯಲ್ಲಿ ಯಂತ್ರದ ನೆರವು ಪಡೆಯುವುದು ಸಹಜವೇ ಆಗಿದೆ. ‘ಬಾಟ್’ ಎಂದು ಕರೆಯಲಾಗುವ ಈ ತಂತ್ರಾಂಶಗಳು ಕಾನೂನುಬಾಹಿರವೂ ಅಲ್ಲ. ಆದರೆ ಅವುಗಳನ್ನು ಅಳವಡಿಸುವ ವಿಧಾನವನ್ನು ಹೇಳಿಕೊಡುವವರು ಹೇಳದೆ ಬಿಡುವ ಎರಡು ಸಂಗತಿಗಳಿವೆ. ಒಂದು, ಯಂತ್ರಕ್ಕೆ ಕೊಡುವ ಕೀಲಿಯ ಹೊಣೆ ಸಂಪೂರ್ಣವಾಗಿ ಕೊಟ್ಟವನದೇ. ಎರಡು, ಭಾರತದ ತೆರಿಗೆ ವ್ಯವಸ್ಥೆಯಲ್ಲಿ ಯಂತ್ರ ಗೆದ್ದರೂ ಅದರ ಒಡೆಯ ಸೋಲಬಹುದು.

ಕೀಲಿ ಯಾರ ಕೈಯಲ್ಲಿ?

ಅಳವಡಿಕೆಯ ಮೂಲ ಸರಳವಾದುದು. ಕ್ರಿಪ್ಟೋ ವಿನಿಮಯ ಕೇಂದ್ರವೊಂದರಲ್ಲಿ ಗ್ರಾಹಕನ ಖಾತೆ ಇರುತ್ತದೆ. ತಂತ್ರಾಂಶ ಆ ಖಾತೆಯನ್ನು ಬಳಸಲು ‘ಎಪಿಐ ಕೀಲಿ’ ಎಂಬ ಉದ್ದನೆಯ ಅಕ್ಷರಮಾಲೆಯೂ ಅದರ ಜೊತೆಗೆ ಒಂದು ಗುಪ್ತ ಸಂಕೇತವೂ ಬೇಕು. ಇವೆರಡೂ ಯಾರ ಬಳಿ ಇವೆಯೋ ಅವರೇ ಆ ಖಾತೆಯ ಮಟ್ಟಿಗೆ ಗ್ರಾಹಕರು. ಪಾಸ್‌ವರ್ಡ್ ಕೇಳುವುದಿಲ್ಲ, ಮೊಬೈಲ್‌ಗೆ ಒಟಿಪಿ ಬರುವುದಿಲ್ಲ.

ಸಾಮಾನ್ಯವಾಗಿ ಕೀಲಿಗೆ ಮೂರು ಬಗೆಯ ಅನುಮತಿಗಳನ್ನು ನೀಡಬಹುದು: ಖಾತೆಯನ್ನು ನೋಡುವುದು, ಕೊಳ್ಳುವುದು-ಮಾರುವುದು, ಮತ್ತು ಹಣವನ್ನು ಹೊರಗೆ ಸಾಗಿಸುವುದು. ವ್ಯಾಪಾರ ಮಾಡುವ ಯಂತ್ರಕ್ಕೆ ಮೊದಲ ಎರಡು ಸಾಕು. ಮಾರುಕಟ್ಟೆಯ ಭಾಷೆಯಲ್ಲಿ ಹೇಳುವುದಾದರೆ, ದಲಾಲರಿಗೆ ಚೀಲ ಮಾರುವ ಅಧಿಕಾರ ಕೊಡುವುದು ಬೇರೆ, ಬ್ಯಾಂಕಿನ ಚೆಕ್ ಪುಸ್ತಕಕ್ಕೆ ಸಹಿ ಹಾಕಿ ಕೊಡುವುದು ಬೇರೆ. ಅವಸರದಲ್ಲಿ ಮೂರೂ ಚೌಕಗಳಿಗೆ ಗುರುತು ಹಾಕಿದವರು ಎರಡನೆಯದನ್ನು ಮಾಡಿದಂತೆ. ಇದರೊಡನೆ, ನಿಗದಿತ ಐಪಿ ವಿಳಾಸದಿಂದ ಬಂದ ಆದೇಶವನ್ನು ಮಾತ್ರ ಸ್ವೀಕರಿಸುವಂತೆ ಕೀಲಿಯನ್ನು ಕಟ್ಟಿಹಾಕುವ ಸೌಲಭ್ಯವನ್ನೂ ಪ್ರಮುಖ ಕೇಂದ್ರಗಳು ಒದಗಿಸಿವೆ. ಮನೆಯ ಅಂತರ್ಜಾಲ ಸಂಪರ್ಕದಲ್ಲಿ ಈ ವಿಳಾಸ ಆಗಾಗ ಬದಲಾಗುವುದರಿಂದ ಅನೇಕರು ಈ ರಕ್ಷಣೆಯನ್ನೇ ಕೈಬಿಡುತ್ತಾರೆ.

ಉಚಿತವಾಗಿ ದೊರೆಯುವ, ಮೂಲ ಸಂಕೇತ ಬಹಿರಂಗವಾಗಿರುವ ‘ಫ್ರೀಕ್‌ಟ್ರೇಡ್’ ಎಂಬ ತಂತ್ರಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪೈಥಾನ್ ಭಾಷೆಯಲ್ಲಿ ರಚಿತವಾದ ಇದರ ಸಂರಚನೆಯೆಲ್ಲ ಮುಖ್ಯವಾಗಿ ಒಂದು ಕಡತದಲ್ಲಿ ಅಡಗಿದೆ. ಯಾವ ನಾಣ್ಯದಲ್ಲಿ ಹೂಡಿಕೆ, ಒಂದು ವ್ಯವಹಾರಕ್ಕೆ ಎಷ್ಟು ಹಣ, ಏಕಕಾಲಕ್ಕೆ ಎಷ್ಟು ವ್ಯವಹಾರಗಳು ತೆರೆದಿರಬಹುದು, ಎಷ್ಟು ನಷ್ಟವಾದರೆ ಮಾರಿ ಹೊರಬರಬೇಕು ಎಂಬುದನ್ನು ಬಳಕೆದಾರನೇ ಬರೆಯಬೇಕು. ನಿಜವಾದ ಹಣ ಹಾಕದೆ, ನಿಜವಾದ ದರದ ಮೇಲೆ ಸುಳ್ಳು ಹಣದಿಂದ ವ್ಯಾಪಾರ ನಡೆಸಿ ನೋಡುವ ಅಭ್ಯಾಸದ ವ್ಯವಸ್ಥೆಯೂ ಅದರಲ್ಲಿದೆ. ಅದನ್ನು ರೂಪಿಸಿದವರೇ ಮೊದಲು ಈ ಅಭ್ಯಾಸ ಮಾಡಿ ಎಂದು ತಿಳಿಸಿದ್ದಾರೆ. ಲಾಭದ ಭರವಸೆಯನ್ನು ಅವರು ಎಲ್ಲಿಯೂ ನೀಡಿಲ್ಲ ಎಂಬುದು ಗಮನಾರ್ಹ. ಭರವಸೆ ನೀಡುವವರು ಇದನ್ನೇ ಬೇರೆ ಹೆಸರಿನಲ್ಲಿ ಮಾರುವ ಮಧ್ಯವರ್ತಿಗಳು.

ಹಳೆಯ ದರಪಟ್ಟಿಯ ಮೇಲೆ ತಂತ್ರವನ್ನು ಓಡಿಸಿ ‘ಕಳೆದ ವರ್ಷ ಇಷ್ಟು ಲಾಭ ಬರುತ್ತಿತ್ತು’ ಎಂದು ತೋರಿಸುವುದು ಈ ಮಧ್ಯವರ್ತಿಗಳ ಮುಖ್ಯ ಅಸ್ತ್ರ. ಕಳೆದ ಸಾಲಿನ ಕಡಲೆಯ ದರವನ್ನು ಮುಂದಿಟ್ಟುಕೊಂಡು ಯಾವ ದಿನ ಮಾರಬೇಕಿತ್ತು ಎಂದು ಹೇಳಲು ಯಾವ ಪಾಂಡಿತ್ಯವೂ ಬೇಕಿಲ್ಲ. ಆಗಿಹೋದ ದರಗಳಿಗೆ ಸರಿಹೊಂದುವವರೆಗೆ ಅಂಕಿಗಳನ್ನು ತಿದ್ದುತ್ತ ಹೋದರೆ ಎಂಥ ತಂತ್ರವೂ ಚಿನ್ನದಂತೆ ಕಾಣುತ್ತದೆ.

ಮನೆಯ ಕಂಪ್ಯೂಟರೋ, ದೂರದ ಸರ್ವರೋ?

ನಗರದ ಬಳಕೆದಾರನಿಗಿಂತ ಅಬ್ಬಿಗೇರಿಯಂಥ ಊರಿನವರಿಗೆ ಈ ಪ್ರಶ್ನೆ ಹೆಚ್ಚು ಗಂಭೀರವಾದುದು. ಮಳೆಗಾಲದ ಒಂದು ಸಂಜೆ ವಿದ್ಯುತ್ ಕೈಕೊಟ್ಟರೆ ಕಂಪ್ಯೂಟರ್ ನಿಲ್ಲುತ್ತದೆ. ಇನ್ವರ್ಟರ್ ಇದ್ದರೂ ಮೊಬೈಲ್ ಗೋಪುರದ ಸಂಕೇತ ಕ್ಷೀಣಿಸಬಹುದು. ಆಗ ನಿಲ್ಲುವುದು ಹೊಸ ಖರೀದಿ ಮಾತ್ರವಲ್ಲ. ಮೇಲೆ ಹೇಳಿದ ತಂತ್ರಾಂಶದಲ್ಲಿ, ಬಳಕೆದಾರ ಬೇರೆ ಏನನ್ನೂ ಸೂಚಿಸದಿದ್ದರೆ, ನಷ್ಟಕ್ಕೆ ತಡೆಹಾಕುವ ಆದೇಶ ವಿನಿಮಯ ಕೇಂದ್ರದಲ್ಲಿ ದಾಖಲಾಗಿರುವುದಿಲ್ಲ. ಅದು ತಂತ್ರಾಂಶದೊಳಗೇ ಇರುತ್ತದೆ. ಯಂತ್ರ ನಿಂತರೆ ತಡೆಯೂ ನಿಂತಿತು. ಕೊಂಡ ನಾಣ್ಯ ಖಾತೆಯಲ್ಲಿ ಉಳಿದು, ದರ ಕುಸಿಯುತ್ತಿರುವಾಗ ಮಾರುವವರೇ ಇಲ್ಲದಂತಾಗುತ್ತದೆ. ಈ ತಡೆಯನ್ನು ವಿನಿಮಯ ಕೇಂದ್ರದಲ್ಲಿಯೇ ದಾಖಲಿಸುವ ಆಯ್ಕೆ ಸಂರಚನೆಯಲ್ಲಿ ಇದೆ. ಅದನ್ನು ಆರಿಸಬೇಕಾದವನು ಬಳಕೆದಾರ.

ಆದ್ದರಿಂದಲೇ ದೂರದ ಸರ್ವರ್‌ನ ಮಾತು ಬರುತ್ತದೆ. ದತ್ತಾಂಶ ಕೇಂದ್ರದಲ್ಲಿರುವ ದೊಡ್ಡ ಯಂತ್ರವೊಂದರ ಸಣ್ಣ ಪಾಲನ್ನು ತಿಂಗಳ ಬಾಡಿಗೆಗೆ ಪಡೆಯಬಹುದು. ಅಲ್ಲಿ ವಿದ್ಯುತ್ ಹೋಗದು, ಐಪಿ ವಿಳಾಸ ಬದಲಾಗದು, ಆದೇಶ ವಿನಿಮಯ ಕೇಂದ್ರಕ್ಕೆ ಬೇಗ ತಲುಪುತ್ತದೆ. ಆದರೆ ಇದರೊಂದಿಗೆ ಬೇರೆ ಬಗೆಯ ಹೊಣೆಯೂ ಬರುತ್ತದೆ. ಬಾಡಿಗೆಯ ಸರ್ವರ್ ಹುಟ್ಟಿದ ಕ್ಷಣದಿಂದಲೇ ಇಡೀ ಜಗತ್ತಿಗೆ ತೆರೆದ ಬಾಗಿಲು. ಪಾಸ್‌ವರ್ಡ್‌ಗಳನ್ನು ಊಹಿಸಿ ಒಳನುಗ್ಗಲು ಯತ್ನಿಸುವ ಸ್ವಯಂಚಾಲಿತ ಜಾಲಗಳು ಅಂತರ್ಜಾಲವನ್ನು ಸದಾ ಜಾಲಾಡುತ್ತಿರುತ್ತವೆ. ಪಾಸ್‌ವರ್ಡ್ ಪ್ರವೇಶವನ್ನು ಮುಚ್ಚಿ ಕೀಲಿ ಕಡತದ ಮೂಲಕ ಮಾತ್ರ ಪ್ರವೇಶ ಉಳಿಸಿಕೊಳ್ಳುವುದು, ಬೇಡದ ದ್ವಾರಗಳನ್ನು ಫೈರ್‌ವಾಲ್‌ನಿಂದ ಮುಚ್ಚುವುದು, ಕಾರ್ಯಾಚರಣ ವ್ಯವಸ್ಥೆಯನ್ನು ಕಾಲಕಾಲಕ್ಕೆ ನವೀಕರಿಸುವುದು ಬಾಡಿಗೆದಾರನ ಕೆಲಸ. ವಿನಿಮಯ ಕೇಂದ್ರದ ಖಾತೆಯ ಕೀಲಿ ಆ ಸರ್ವರ್‌ನ ಕಡತದಲ್ಲಿ ಬರಿಗಣ್ಣಿಗೆ ಓದಲು ಬರುವಂತೆಯೇ ಇರುತ್ತದೆ ಎಂಬುದನ್ನು ನೆನೆದರೆ ಈ ಕೆಲಸದ ಮಹತ್ವ ತಿಳಿದೀತು.

ಬಾಟ್‌ನ ಲಾಭ-ನಷ್ಟವನ್ನು ಮೊಬೈಲ್‌ನಲ್ಲಿ ನೋಡಬೇಕೆಂಬ ಆಸೆ ಇನ್ನೊಂದು ಬಾಗಿಲು ತೆರೆಸುತ್ತದೆ. ತಂತ್ರಾಂಶದ ನಿಯಂತ್ರಣ ಪುಟ ಮೂಲತಃ ಆ ಯಂತ್ರದೊಳಗೆ ಮಾತ್ರ ಕಾಣುವಂತೆ ಇರುತ್ತದೆ. ಅದನ್ನು ಹೊರಗಿನವರಿಗೂ ಕಾಣುವಂತೆ ಬದಲಿಸಬೇಡಿ ಎಂಬ ಎಚ್ಚರಿಕೆ ಕೈಪಿಡಿಯಲ್ಲಿದ್ದರೂ, ಒಂದು ಸಾಲು ಬದಲಿಸಿದರೆ ಫೋನಿನಲ್ಲಿ ಕಾಣುತ್ತದೆ ಎಂಬ ಸಲಹೆಯೇ ಹೆಚ್ಚು ಜನಪ್ರಿಯ.

ಸರ್ವರ್‌ನ ಗಡಿಯಾರವೂ ಇಲ್ಲಿ ಮುಖ್ಯ. ಪ್ರತಿ ಆದೇಶಕ್ಕೂ ಸಮಯದ ಮುದ್ರೆ ಬೀಳುವುದರಿಂದ ಗಡಿಯಾರ ಕೆಲವೇ ಸೆಕೆಂಡು ತಪ್ಪಿದರೂ ವಿನಿಮಯ ಕೇಂದ್ರ ಆದೇಶವನ್ನು ತಿರಸ್ಕರಿಸಬಹುದು. ಇನ್ನು ಸರ್ವರ್ ಬಾಡಿಗೆಗೆ ಪಡೆದರೆ ಗುರುತು ಮರೆಯಾಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸರ್ವರ್ ಬಾಡಿಗೆಗೆ ಕೊಡುವ ಸಂಸ್ಥೆಗಳು ಗ್ರಾಹಕರ ಹೆಸರು, ವಿಳಾಸ, ಐಪಿ ವಿವರ, ಬಾಡಿಗೆಯ ಉದ್ದೇಶ ಮುಂತಾದವನ್ನು ಒಪ್ಪಂದ ಮುಗಿದ ನಂತರವೂ ಕನಿಷ್ಠ 5 ವರ್ಷ ಕಾಪಾಡಬೇಕು. ಕ್ರಿಪ್ಟೋ ವಿನಿಮಯ ಕೇಂದ್ರಗಳೂ ಗ್ರಾಹಕರ ಗುರುತು ಮತ್ತು ವ್ಯವಹಾರದ ದಾಖಲೆಗಳನ್ನು 5 ವರ್ಷ ಇರಿಸಿಕೊಳ್ಳಬೇಕು. ಈ ನಿಯಮವನ್ನು ಒಪ್ಪದ ಕೆಲವು ವಿಪಿಎನ್ ಸಂಸ್ಥೆಗಳು ಅದೇ ವರ್ಷ ಭಾರತದಿಂದ ತಮ್ಮ ಸರ್ವರ್‌ಗಳನ್ನು ತೆರವುಗೊಳಿಸಿದವು.

ಬೆಂಗಳೂರಿನ ಒಂದು ಲ್ಯಾಪ್‌ಟಾಪ್

ಕೀಲಿ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಸಂಸ್ಥೆಯ ಆಂತರಿಕ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್, ಅಂದರೆ ಅಂದಾಜು 378 ಕೋಟಿ ರೂ. ಮೌಲ್ಯದ ಕ್ರಿಪ್ಟೋ ಆಸ್ತಿ ಕಣ್ಮರೆಯಾಯಿತು. ಬೇರೊಂದು ವಿನಿಮಯ ಕೇಂದ್ರದಲ್ಲಿ ವ್ಯವಹಾರಕ್ಕೆ ಬೇಕಾದ ನಗದು ಹರಿವನ್ನು ಕಾಯ್ದುಕೊಳ್ಳಲು ಬಳಸುತ್ತಿದ್ದ ಖಾತೆ ಅದು. ಕಳ್ಳರು ನಸುಕಿನಲ್ಲಿ ಮೊದಲು ಒಂದೇ ಒಂದು ನಾಣ್ಯವನ್ನು ಸಾಗಿಸಿ ದಾರಿ ತೆರೆದಿದೆಯೇ ಎಂದು ಪರೀಕ್ಷಿಸಿ, ಬೆಳಗ್ಗೆ ಉಳಿದುದನ್ನು ಸಾಗಿಸಿದರೆಂದು ವರದಿಯಾಯಿತು. ಬೆಂಗಳೂರಿನ ವೈಟ್‌ಫೀಲ್ಡ್ ಸಿಇಎನ್ ಪೊಲೀಸರು ಸಂಸ್ಥೆಯ ತಂತ್ರಾಂಶ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಹೊರಗಿನವರಿಗಾಗಿ ಅರೆಕಾಲಿಕ ಕೆಲಸ ಮಾಡುತ್ತಿದ್ದಾಗ ಅವರು ಕಳುಹಿಸಿದ ಕಡತದೊಂದಿಗೆ ಕುತಂತ್ರಾಂಶ ಸೇರಿಕೊಂಡು, ಪ್ರವೇಶದ ವಿವರಗಳು ಸೋರಿಹೋದವು ಎಂಬುದು ಪೊಲೀಸರ ಶಂಕೆ. ಗ್ರಾಹಕರ ಹಣಕ್ಕೆ ಧಕ್ಕೆಯಾಗಿಲ್ಲ, ನಷ್ಟವನ್ನು ತನ್ನ ನಿಧಿಯಿಂದಲೇ ಭರಿಸುವುದಾಗಿ ಸಂಸ್ಥೆ ಪ್ರಕಟಿಸಿತು.

ಭದ್ರತೆಗೆಂದೇ ಸಿಬ್ಬಂದಿಯನ್ನು ಇರಿಸಿಕೊಂಡ ಸಂಸ್ಥೆಯ ಒಂದು ಲ್ಯಾಪ್‌ಟಾಪ್‌ನ ಕಥೆ ಇದಾದರೆ, ಮಕ್ಕಳು ಆಟವಾಡುವ, ಮದುವೆಯ ವಿಡಿಯೊ ಇಳಿಸಿಕೊಳ್ಳುವ ಮನೆಯ ಕಂಪ್ಯೂಟರ್‌ನಲ್ಲಿ ಕೀಲಿ ಇಟ್ಟವರ ಗತಿಯನ್ನು ಊಹಿಸಬಹುದು. ಸಂಸ್ಥೆಗೆ ನಷ್ಟ ಭರಿಸಲು ನಿಧಿಯಿತ್ತು ಎಂಬ ವ್ಯತ್ಯಾಸವೂ ಸಣ್ಣದಲ್ಲ.

ಕೀಲಿಯನ್ನು ಸ್ವತಃ ಇಟ್ಟುಕೊಳ್ಳುವುದಕ್ಕಿಂತ ಪರಿಣತ ಸಂಸ್ಥೆಗೆ ಒಪ್ಪಿಸುವುದು ಲೇಸೆಂಬ ವಾದವೂ ಪರೀಕ್ಷೆಗೆ ನಿಂತಿಲ್ಲ. ಬಾಟ್ ಸೇವೆ ನೀಡುವ ‘ತ್ರೀಕಾಮಾಸ್’ ಎಂಬ ವಿದೇಶಿ ಸಂಸ್ಥೆಯ ಗ್ರಾಹಕರ ಎಪಿಐ ಕೀಲಿಗಳು ಸೋರಿಕೆಯಾಗಿರುವುದನ್ನು 2022ರ ಡಿಸೆಂಬರ್ ಕೊನೆಯಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಿತು. ಅದಕ್ಕೂ ಮುನ್ನ, ಹಣ ಕಳೆದುಕೊಂಡವರು ನಕಲಿ ಜಾಲತಾಣಗಳಿಗೆ ಬಲಿಯಾಗಿರಬೇಕೆಂಬುದು ಅದರ ಉತ್ತರವಾಗಿತ್ತು. ಹೊರಗೆ ಸಾಗಿಸುವ ಅನುಮತಿ ಇಲ್ಲದ ಕೀಲಿಯಿಂದಲೂ ಖಾತೆಯನ್ನು ಬರಿದು ಮಾಡಬಹುದು ಎಂಬುದನ್ನು ಇಂಥ ಪ್ರಕರಣಗಳು ತೋರಿಸಿದವು. ಯಾರೂ ಕೊಳ್ಳದ ನಾಣ್ಯವೊಂದನ್ನು ಕಳ್ಳ ತಾನು ಅಗ್ಗಕ್ಕೆ ಕೊಂಡಿಟ್ಟು, ಕದ್ದ ಕೀಲಿಯಿಂದ ಗ್ರಾಹಕನ ಖಾತೆಯ ಮೂಲಕ ಅದನ್ನೇ ದುಬಾರಿ ದರಕ್ಕೆ ಕೊಳ್ಳಿಸುತ್ತಾನೆ. ಲೆಕ್ಕದಲ್ಲಿ ಅದು ಕಳವಲ್ಲ, ಕೆಟ್ಟ ವ್ಯಾಪಾರ.

ಯಂತ್ರ, ಕೀಲಿ, ಸರ್ವರ್ ಎಲ್ಲವೂ ಸುರಕ್ಷಿತವಾಗಿದ್ದು ವಿನಿಮಯ ಕೇಂದ್ರವೇ ಮುಗ್ಗರಿಸುವುದೂ ಉಂಟು. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚಿನ ಆಸ್ತಿ ಕಳವಾದಾಗ ಅಲ್ಲಿನ ವ್ಯವಹಾರವೇ ಸ್ಥಗಿತಗೊಂಡಿತು. ಸಿಂಗಪುರ ನ್ಯಾಯಾಲಯದ ಅನುಮೋದನೆ ದೊರೆತು ವ್ಯವಹಾರ ಪುನರಾರಂಭವಾದದ್ದು 2025ರ ಅಕ್ಟೋಬರ್‌ನಲ್ಲಿ.

ಗೆದ್ದರೂ ಸೋಲು

ಕಳ್ಳರನ್ನು ಬದಿಗಿಟ್ಟು, ಎಲ್ಲವೂ ಸರಿಯಾಗಿ ನಡೆಯಿತೆಂದೇ ಭಾವಿಸಿ ತೆರಿಗೆಯ ಲೆಕ್ಕ ಹಾಕಿ ನೋಡಬೇಕು. ಅಳವಡಿಕೆಯ ಪಾಠಗಳಲ್ಲಿ, ಅದರಲ್ಲೂ ವಿದೇಶಗಳಿಂದ ಬರುವ ಪಾಠಗಳಲ್ಲಿ, ಕಾಣದ ಭಾಗವಿದು.

2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಆಸ್ತಿಯ ಮಾರಾಟದಿಂದ ಬಂದ ಲಾಭಕ್ಕೆ ಭಾರತದಲ್ಲಿ ಶೇ. 30ರಷ್ಟು ಆದಾಯ ತೆರಿಗೆ ವಿಧಿಸಲಾಗುತ್ತಿದೆ. ಅದರ ಮೇಲೆ ಶೇ. 4ರ ಸೆಸ್ ಬೇರೆ. ಆದಾಯ ತೆರಿಗೆಯ ಮೂಲ ವಿನಾಯಿತಿ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ಕಾರಣ ಜೀವಮಾನದಲ್ಲಿ ಆದಾಯ ತೆರಿಗೆ ಕಚೇರಿಯ ಮುಖ ಕಾಣದ ಅಬ್ಬಿಗೇರಿಯ ರೈತನ ಮಗನೂ ಕ್ರಿಪ್ಟೋ ಲಾಭದ ಮೊದಲ ರೂಪಾಯಿಯಿಂದಲೇ ತೆರಿಗೆ ಕಟ್ಟಬೇಕು. ಖರ್ಚಿನ ಲೆಕ್ಕದಲ್ಲಿ ಕೊಂಡ ಬೆಲೆಯನ್ನು ಮಾತ್ರ ಕಳೆಯಲು ಅವಕಾಶವಿದೆ. ಸರ್ವರ್ ಬಾಡಿಗೆ, ಅಂತರ್ಜಾಲದ ಶುಲ್ಕ, ವಿದ್ಯುತ್ ಬಿಲ್ಲು ಯಾವುದನ್ನೂ ಕಳೆಯುವಂತಿಲ್ಲ.

ಇದಕ್ಕಿಂತ ಕಠಿಣವಾದುದು ನಷ್ಟದ ನಿಯಮ. ಒಂದು ಕ್ರಿಪ್ಟೋ ಆಸ್ತಿಯಲ್ಲಾದ ನಷ್ಟವನ್ನು ಇನ್ನೊಂದರ ಲಾಭದೊಂದಿಗೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಒಬ್ಬರ ಬಾಟ್ ವರ್ಷವಿಡೀ ದುಡಿದು ಬಿಟ್‌ಕಾಯಿನ್‌ನಲ್ಲಿ 60,000 ರೂ. ಗಳಿಸಿ, ಈಥರ್‌ನಲ್ಲಿ 50,000 ರೂ. ಕಳೆದುಕೊಂಡಿತೆನ್ನಿ. ಕೈಗೆ ಬಂದದ್ದು 10,000 ರೂ. ತೆರಿಗೆ ಬೀಳುವುದು ಪೂರ್ತಿ 60,000 ರೂ. ಮೇಲೆ. ಸೆಸ್ ಸೇರಿ 18,720 ರೂ. ಅಂದರೆ ಯಂತ್ರ 10,000 ರೂ. ಗೆದ್ದಿತು, ಒಡೆಯ 8,720 ರೂ. ಸೋತ. ಹಲವು ನಾಣ್ಯಗಳಲ್ಲಿ ಸಣ್ಣ ಸಣ್ಣ ಲಾಭ-ನಷ್ಟಗಳನ್ನು ನೂರಾರು ಬಾರಿ ಮಾಡಿ ಕೊನೆಗೆ ತುಸು ಉಳಿಸುವುದೇ ಬಾಟ್‌ನ ಜಾಣತನ. ತೆರಿಗೆಯ ನಿಯಮ ನೇರವಾಗಿ ಅದರ ಕತ್ತಿಗೇ ಕೈಹಾಕುತ್ತದೆ.

ಮೂರನೆಯದು ಮೂಲದಲ್ಲಿಯೇ ಕಡಿತವಾಗುವ ಶೇ. 1ರ ಟಿಡಿಎಸ್. 2022ರ ಜುಲೈ 1ರಿಂದ ಜಾರಿಗೆ ಬಂದ ಇದು ಲಾಭದ ಮೇಲಲ್ಲ, ಮಾರಾಟದ ಒಟ್ಟು ಮೊತ್ತದ ಮೇಲೆ ಬೀಳುತ್ತದೆ. ವರ್ಷದ ಒಟ್ಟು ವಹಿವಾಟು ಅಲ್ಪವಾಗಿದ್ದರೆ ಕಾನೂನಿನಲ್ಲಿ ವಿನಾಯಿತಿಯಿದೆಯಾದರೂ ಯಂತ್ರ ಆ ಮಿತಿಯನ್ನು ದಾಟಲು ಹೆಚ್ಚು ದಿನ ಬೇಡ. 50,000 ರೂ. ಬಂಡವಾಳದಿಂದ ಆರಂಭಿಸಿ, ದರ ಏರದೆ ಇಳಿಯದೆ, 20 ಬಾರಿ ಪೂರ್ತಿ ಮೊತ್ತವನ್ನು ಕೊಂಡು ಮಾರಿದರೆ ಖಾತೆಯಲ್ಲಿ ಉಳಿಯುವುದು ಸುಮಾರು 40,900 ರೂ. ನೂರು ಬಾರಿ ಮಾಡಿದರೆ ಸುಮಾರು 18,300 ರೂ. ವಿನಿಮಯ ಕೇಂದ್ರದ ಶುಲ್ಕ ಇದರಲ್ಲಿ ಸೇರಿಲ್ಲ. ಕಡಿತವಾದ ಹಣ ಕಳೆದುಹೋಗುವುದಿಲ್ಲ ನಿಜ, ವಿವರಪಟ್ಟಿ ಸಲ್ಲಿಸಿದಾಗ ತೆರಿಗೆಗೆ ಹೊಂದಾಣಿಕೆಯಾಗುತ್ತದೆ ಅಥವಾ ಮರಳುತ್ತದೆ. ಆದರೆ ಅಷ್ಟು ತಿಂಗಳು ಬಂಡವಾಳದ ಬಹುಪಾಲು ಸರಕಾರದ ಬಳಿ ಇದ್ದರೆ ವ್ಯಾಪಾರ ಯಾವುದರಿಂದ? ಇಂಥ ತಂತ್ರಾಂಶಗಳು ಅಧಿಕೃತವಾಗಿ ಬೆಂಬಲಿಸುವ ಕೇಂದ್ರಗಳಲ್ಲಿ ಹೆಚ್ಚಿನವು ವಿದೇಶಿ. ಅಲ್ಲಿ ಹಣ ಕಡಿತವಾಗಲಿಲ್ಲವೆಂದ ಮಾತ್ರಕ್ಕೆ ತೆರಿಗೆಯ ಹೊಣೆ ತಪ್ಪುವುದಿಲ್ಲ.

ತೆರಿಗೆ ಉಂಟು, ರಕ್ಷಣೆ?

ಕ್ರಿಪ್ಟೋ ಕುರಿತ ಸರಕಾರದ ನಿಲುವು ಹಲವು ಮಜಲುಗಳನ್ನು ಕಂಡಿದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ವ್ಯವಹಾರಕ್ಕೆ ಬ್ಯಾಂಕುಗಳ ಸೇವೆಯನ್ನು ನಿರ್ಬಂಧಿಸಿತು. ಅದೇ ಅಕ್ಟೋಬರ್‌ನಲ್ಲಿ ತುಮಕೂರು ಮೂಲದ ಯುನೊಕಾಯಿನ್ ಸಂಸ್ಥೆ ಬೆಂಗಳೂರಿನ ಮಾಲ್ ಒಂದರಲ್ಲಿ ಇರಿಸಿದ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡು ಸಂಸ್ಥಾಪಕರನ್ನು ಬಂಧಿಸಿದ್ದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದುಪಡಿಸಿತು. 2022ರಲ್ಲಿ ತೆರಿಗೆ ಬಂತು. 2023ರ ಮಾರ್ಚ್‌ನಲ್ಲಿ ವಿನಿಮಯ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಒಳಪಟ್ಟವು. ನೋಂದಣಿಯಾಗದೆ ವ್ಯವಹರಿಸಿದ್ದಕ್ಕೆ ವಿಶ್ವದ ಅತಿದೊಡ್ಡ ಕೇಂದ್ರವಾದ ಬೈನಾನ್ಸ್ 2024ರ ಜೂನ್‌ನಲ್ಲಿ 18.82 ಕೋಟಿ ರೂ. ದಂಡಕ್ಕೆ ಗುರಿಯಾಯಿತು.

ಇವೆಲ್ಲ ಸರಕಾರದ ಬೊಕ್ಕಸವನ್ನೂ ಕಾನೂನು ವ್ಯವಸ್ಥೆಯನ್ನೂ ಕಾಯುವ ಕ್ರಮಗಳು. ಸಾಮಾನ್ಯ ಗ್ರಾಹಕನನ್ನು ಕಾಯುವ ಕ್ರಮ ಹೇಗಿರುತ್ತದೆ ಎಂಬುದನ್ನು ನೋಡಲು ಷೇರುಪೇಟೆಯತ್ತ ತಿರುಗಬೇಕು. ಅಲ್ಲಿಯೂ ಇಂಥದೇ ಸ್ವಯಂಚಾಲಿತ ತಂತ್ರಾಂಶಗಳಿವೆ. ಅವುಗಳ ಬಗ್ಗೆ ಸೆಬಿ 2025ರ ಫೆಬ್ರುವರಿ 4ರಂದು ಸುತ್ತೋಲೆ ಹೊರಡಿಸಿ ಹಂತ ಹಂತವಾಗಿ ಜಾರಿಗೊಳಿಸಿತು. ಅದರಂತೆ ತಂತ್ರಾಂಶದಿಂದ ಬರುವ ಆದೇಶಕ್ಕೆ ಗುರುತಿನ ಸಂಖ್ಯೆ ಇರಬೇಕು, ನೋಂದಾಯಿತ ಸ್ಥಿರ ಐಪಿ ವಿಳಾಸದಿಂದಲೇ ಆದೇಶ ಬರಬೇಕು, ಪ್ರವೇಶಕ್ಕೆ ಎರಡು ಹಂತದ ದೃಢೀಕರಣವಿರಬೇಕು, ದೂರುಗಳಿಗೆ ಬ್ರೋಕರ್ ಉತ್ತರಿಸಬೇಕು. ಷೇರುಪೇಟೆಯಲ್ಲಿ ಕಡ್ಡಾಯವಾದ ಐಪಿ ನಿರ್ಬಂಧ ಕ್ರಿಪ್ಟೋದಲ್ಲಿ ಬಳಕೆದಾರನ ಇಚ್ಛೆಗೆ ಬಿಟ್ಟ ಒಂದು ಚೌಕ. ಅಲ್ಲಿ ನಷ್ಟವನ್ನು ಲಾಭದೊಂದಿಗೆ ಹೊಂದಿಸಲು ಅವಕಾಶವಿದೆ, ಇಲ್ಲಿಲ್ಲ. ಅಲ್ಲಿ ದೂರಿಗೆ ಸೆಬಿ ಇದೆ, ಇಲ್ಲಿ ಪೊಲೀಸ್ ಠಾಣೆ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ, ಸಾಲ ಯಾರಿಗೆ, ಜಾಮೀನು ಯಾರು ಎಂಬುದು ಊರಿಗೇ ತಿಳಿದಿರುವುದು ಅದರ ಬಲವಾಗಿತ್ತು. ಅದೇ ನೆಲದ ಉಳಿತಾಯ ಈಗ ಜಾಮೀನುದಾರನೇ ಇಲ್ಲದ ಪೇಟೆಗೆ ಹರಿಯಲು ಆಹ್ವಾನ ಪಡೆದಿದೆ.

ಈ ಶೂನ್ಯವನ್ನು ವಂಚಕರು ಚೆನ್ನಾಗಿ ಬಲ್ಲರು. ಅವರು ಮಾರುವ ‘ಬಾಟ್’ ಬಹುತೇಕ ತಂತ್ರಾಂಶವೇ ಅಲ್ಲ, ಏರುವ ಅಂಕಿಗಳನ್ನು ತೋರಿಸುವ ಒಂದು ಪುಟ ಮಾತ್ರ. ಅಳವಡಿಸಿಕೊಡುವ ನೆಪದಲ್ಲಿ ಕಂಪ್ಯೂಟರ್ ಅಥವಾ ಮೊಬೈಲ್‌ನ ಪರದೆಯನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸುತ್ತಾರೆ. ಆರಂಭದಲ್ಲಿ ಸಣ್ಣ ಮೊತ್ತವನ್ನು ಮರಳಿಸಿ ನಂಬಿಕೆ ಗಳಿಸುತ್ತಾರೆ. ದೊಡ್ಡ ಮೊತ್ತ ಕೇಳಿದಾಗ ತೆರಿಗೆ, ಶುಲ್ಕ ಎಂದು ಇನ್ನಷ್ಟು ಕಟ್ಟಿಸಿಕೊಳ್ಳುತ್ತಾರೆ. ನಿಜವಾದ ತಂತ್ರಾಂಶ ಗ್ರಾಹಕನ ಸ್ವಂತ ಹೆಸರಿನ ಖಾತೆಯ ಕೀಲಿ ಕೇಳುತ್ತದೆಯೇ ಹೊರತು ಬೇರೊಬ್ಬರ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ಇಂಥ ವಂಚನೆಗೆ ಸಿಲುಕಿದವರು 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿದರೆ ಹಣ ಬ್ಯಾಂಕ್ ಖಾತೆಗಳಲ್ಲಿ ಇರುವಾಗಲೇ ತಡೆಹಿಡಿಯುವ ಸಾಧ್ಯತೆಯಿದೆ. ಅದು ಕ್ರಿಪ್ಟೋ ಆಗಿ ಬದಲಾಗಿ ಗಡಿ ದಾಟಿದ ಮೇಲೆ ಗದಗದ ಸಿಇಎನ್ ಠಾಣೆಗಾಗಲಿ ಬೆಂಗಳೂರಿಗಾಗಲಿ ಅದರ ಬೆನ್ನು ಹತ್ತುವುದು ದುಸ್ತರ.

ಇಷ್ಟಾಗಿಯೂ ಕಲಿಯುವ ಆಸಕ್ತಿಯಿಂದ ಮುಂದುವರಿಯುವವರಿಗೆ ದಾರಿ ಇಲ್ಲವೆಂದಲ್ಲ. ಹೆಸರು ಬಿತ್ತುವಾಗ ಸುಳ್ಳು ಹಣದ ಅಭ್ಯಾಸ ಆರಂಭಿಸಿ, ಕಡಲೆ ರಾಶಿ ಮುಗಿಯುವವರೆಗೆ ಅದನ್ನೇ ನಡೆಸಿದರೆ ಖರ್ಚಾಗುವುದು ಸರ್ವರ್‌ನ ಬಾಡಿಗೆ ಮಾತ್ರ. ಬಂದ ಅಂಕಿಗಳಿಂದ ಶುಲ್ಕ, ಟಿಡಿಎಸ್, ತೆರಿಗೆಗಳನ್ನು ಕಳೆದು ನೋಡಬಹುದು. ಲೆಕ್ಕ ಬರೆದಿಡುವ ಅಭ್ಯಾಸವೂ ಆಗ ಆದೀತು. ಏಕೆಂದರೆ ಕ್ರಿಪ್ಟೋ ವ್ಯವಹಾರಕ್ಕೆಂದೇ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ರೂಪಿಸಿದ ಅನುಸೂಚಿ ಪ್ರತಿ ಮಾರಾಟಕ್ಕೂ ಕೊಂಡ ದಿನಾಂಕ, ಮಾರಿದ ದಿನಾಂಕ, ಕೊಂಡ ಬೆಲೆ, ಬಂದ ಮೊತ್ತಗಳನ್ನು ಕೇಳುತ್ತದೆ. ದಿನಕ್ಕೆ 20 ಬಾರಿ ಮಾರುವ ಬಾಟ್ ವರ್ಷಕ್ಕೆ 7,300 ಸಾಲುಗಳನ್ನು ಬರೆಸುತ್ತದೆ. ಅವನ್ನು ತುಂಬಿಕೊಡಲು ರೋಣ ಅಥವಾ ಗದಗದ ಲೆಕ್ಕಪರಿಶೋಧಕರು ಕೇಳುವ ಶುಲ್ಕವನ್ನೂ ಖರ್ಚಿನಲ್ಲಿ ಕಳೆಯಲು ಬರುವುದಿಲ್ಲ.